ಬ್ರಹ್ಮಕಮಲ ಬೆಳಗಾಗುವಷ್ಟರಲ್ಲಿ ಬಾಡುವುದೇಕೆ?

ಮೂಡಿಗೆರೆ, ಕಳಸದ ಮನೆಗಳಲ್ಲಿ ಬ್ರಹ್ಮಕಮಲ ಅರಳಿದ ರಾತ್ರಿ ಅಕ್ಕಪಕ್ಕದವರೂ ನೋಡಲು ಬರುತ್ತಾರೆ. ಬೆಳಗ್ಗೆ ಹೂ ಜೋತುಬಿದ್ದರೆ ಗಿಡಕ್ಕೆ ರೋಗ ಬಂತೆಂದು ನೀರು ಸುರಿಯುವವರಿದ್ದಾರೆ. ಅದು ತಪ್ಪು. ಈ ಹೂವಿನ ಆಯಸ್ಸೇ ಒಂದು ರಾತ್ರಿ. ಬಿಳಿ ಬಣ್ಣ, ಗಾಢ ಪರಿಮಳ ಇರುವುದು ಇರುಳಲ್ಲಿ ಹಾರುವ ಪತಂಗಗಳನ್ನು ಸೆಳೆಯಲು.

ಇದು ಹಿಮಾಲಯದ ಹೂವೇ?
ಅಲ್ಲ. ನಾವು ಕುಂಡದಲ್ಲಿ ಬೆಳೆಸುವುದು ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದ ಕಳ್ಳಿ ಜಾತಿಯ ಎಪಿಫಿಲ್ಲಮ್ ಆಕ್ಸಿಪೆಟಾಲಮ್. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ ಬೇರೆಯೇ ಗಿಡ.

ಆರೈಕೆ ಹೇಗೆ?
ಕಾಡಿನಲ್ಲಿ ಇದು ಮರಗಳ ಮೇಲೆ ಬೆಳೆಯುತ್ತದೆ. ಬೇರಿಗೆ ಗಾಳಿ ಬೇಕು, ನಿಂತ ನೀರು ಆಗದು.

• ಮಣ್ಣಿಗೆ ಮರಳು, ತೆಂಗಿನ ನಾರು ಬೆರೆಸಿ ಸಡಿಲಗೊಳಿಸಿ.
• ಮಲೆನಾಡಿನ ಜಡಿಮಳೆಗೆ ಬಿಡದೆ ಜಗಲಿಯಲ್ಲೋ ಬೆಳಕಿರುವ ಕಿಟಕಿಯ ಬಳಿಯೋ ಇಡಿ. ಸುಡುಬಿಸಿಲು ಬೇಡ.
• ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.
• ಮೊಗ್ಗು ಬಂದ ಮೇಲೆ ಜಾಗ ಬದಲಿಸಬೇಡಿ, ಮೊಗ್ಗು ಉದುರಬಹುದು.

ನಾವು ಹೆದರಬೇಕಾದದ್ದು ಬಾಡಿದ ಹೂವಿಗಲ್ಲ, ಬುಡ ಕಪ್ಪಾಗಿ ಮೆತ್ತಗಾದರೆ. ಅದು ಕೊಳೆಯುತ್ತಿರುವ ಲಕ್ಷಣ. ಆಗ ಎಲೆಯಂತೆ ಕಾಣುವ ಚಪ್ಪಟೆ ಕಾಂಡದ ಗಟ್ಟಿ ಭಾಗವನ್ನು ಕತ್ತರಿಸಿ, ಕೆಲವು ದಿನ ನೆರಳಿನಲ್ಲಿ ಗಾಯ ಒಣಗಿಸಿ ನೆಡಿ. ಹೊಸ ಗಿಡ ಚಿಗುರುತ್ತದೆ.