ಪ್ರಮಾಣಪತ್ರ ಮತ್ತು ಸೇವಾ ನಿಯಮ: ಉದ್ಯೋಗಸ್ಥರ ಆನ್‌ಲೈನ್ ಕಲಿಕೆಯ ಬಗ್ಗೆ ಒಂದು ಮರುಪರಿಶೀಲನೆ

1

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರ ಜುಲೈ 18ರಂದು ಹೊರಡಿಸಿದ ನಿಯಮಾವಳಿಯಲ್ಲಿ, ಸಹಾಯಕ ಪ್ರಾಧ್ಯಾಪಕರು ವೇತನದ 10ನೇ ಹಂತದಿಂದ 11ನೇ ಹಂತಕ್ಕೆ ಏರಲು ಏನೇನು ಬೇಕು ಎಂಬ ಪಟ್ಟಿಯಿದೆ. ಪಿಎಚ್‌.ಡಿ. ಇದ್ದವರಿಗೆ ನಾಲ್ಕು ವರ್ಷದ ಸೇವೆ, ಎಂ.ಫಿಲ್. ಇದ್ದವರಿಗೆ ಐದು, ಎರಡೂ ಇಲ್ಲದವರಿಗೆ ಆರು. 21 ದಿನಗಳ ಓರಿಯೆಂಟೇಶನ್ ಕೋರ್ಸು. ಇವುಗಳ ಮೇಲೆ ಇನ್ನೊಂದು ತರಬೇತಿ. ಈ ಕೊನೆಯದಕ್ಕೆ ಹಲವು ದಾರಿಗಳನ್ನು ‘ಅಥವಾ’ ಹಾಕಿ ಜೋಡಿಸಲಾಗಿದೆ. ರಿಫ್ರೆಶರ್ ಕೋರ್ಸು ಮಾಡಬಹುದು. ಅಥವಾ ವಾರದ ಅವಧಿಯ ಎರಡು ಕಾರ್ಯಾಗಾರಗಳಲ್ಲಿ ಕೂರಬಹುದು. ಅಥವಾ ಒಂದು ಬೃಹತ್ ಮುಕ್ತ ಆನ್‌ಲೈನ್ ಕೋರ್ಸನ್ನು, ಅಂದರೆ ರೂಢಿಯಲ್ಲಿ ಮೂಕ್ಸ್ ಎನ್ನುವುದನ್ನು, ಇ-ಪ್ರಮಾಣಪತ್ರದೊಂದಿಗೆ ಮುಗಿಸಬಹುದು.

ಈ ಲೇಖನದ ವಾದ ಆ ಮೂರನೆಯ ದಾರಿಯ ಮೇಲೆ ನಿಂತಿದೆ. ದುಡಿಯುತ್ತಲೇ ಓದುವ ವಯಸ್ಕರಿಗೆ ಆನ್‌ಲೈನ್ ಕೋರ್ಸುಗಳಿಂದ ವೃತ್ತಿಯಲ್ಲಿ ಏನು ಸಿಗುತ್ತದೆ ಎಂಬ ಚರ್ಚೆ ಈವರೆಗೆ ಹೆಚ್ಚಾಗಿ ಎರಡು ಬಿಂದುಗಳ ಸುತ್ತ ನಡೆದಿದೆ. ಕಲಿತ ಕೌಶಲ ಫಲ ಕೊಡುತ್ತದೆಯೇ, ಇಲ್ಲವೇ ಕೈಯಲ್ಲಿರುವ ಪ್ರಮಾಣಪತ್ರ ಉದ್ಯೋಗದಾತನಿಗೆ ಕೊಡುವ ಸಂಕೇತ ಫಲ ಕೊಡುತ್ತದೆಯೇ? ನಮ್ಮ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳೊಳಗಿನ ಬಡ್ತಿಯ ಮಟ್ಟಿಗಾದರೂ ಈ ಎರಡಕ್ಕಿಂತ ಮಾನ್ಯತೆಯೇ, ಅಂದರೆ ಆ ಕಲಿಕೆಗೆ ಸೇವಾ ನಿಯಮದಲ್ಲಿ ಹೆಸರಿದೆಯೇ ಎಂಬುದೇ, ನಿರ್ಣಾಯಕ ಎಂದು ನನಗೆ ತೋರುತ್ತದೆ.

2

ಹಿಂದಿನ ಅಧ್ಯಯನಗಳಲ್ಲಿ ಒಮ್ಮತವಿರುವ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. ಇಂಥ ಕೋರ್ಸುಗಳಿಗೆ ಬರುವವರಲ್ಲಿ ಬಹುಪಾಲು ಜನ ಆಗಲೇ ಓದಿದವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2013ರ ಸಮೀಕ್ಷೆಗೆ ಉತ್ತರಿಸಿದ 34,779 ಮಂದಿಯಲ್ಲಿ ಶೇ. 83ರಷ್ಟು ಜನರಿಗೆ ಎರಡು ಅಥವಾ ನಾಲ್ಕು ವರ್ಷದ ಪದವಿ ಇತ್ತು. ಶುರು ಮಾಡಿದವರಲ್ಲಿ ಮುಗಿಸುವವರು ಕಡಿಮೆ ಎಂಬುದೂ ನಿರ್ವಿವಾದ. ಜಸ್ಟಿನ್ ರೈಕ್ ಮತ್ತು ಹೋಸೆ ರುಯಿಪೆರೆಸ್-ವಾಲಿಯೆಂಟೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಡ್‌ಎಕ್ಸ್ ವೇದಿಕೆಯ ಆರು ವರ್ಷಗಳ ದಾಖಲೆ ಮಂಡಿಸಿದರು. 2017-18ರಲ್ಲಿ ಕೋರ್ಸು ಪೂರೈಸಿದವರು ಶೇ. 3.13 ಮಾತ್ರ. ಈ ಅಂಕಿ ಎಷ್ಟು ಕಡೆ ಎತ್ತಿ ಆಡಲ್ಪಟ್ಟಿದೆಯೆಂದರೆ, ಅದೇ ಲೇಖನದಲ್ಲಿರುವ ಇನ್ನೆರಡು ಅಂಕಿಗಳು ಮರೆಯಾಗಿಬಿಟ್ಟಿವೆ. ಹೆಸರು ನೋಂದಾಯಿಸಿದವರಲ್ಲಿ ಶೇ. 52 ಮಂದಿ ಪಾಠದ ಒಳಗೆ ಕಾಲಿಡಲೇ ಇಲ್ಲ. ಹಣ ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಅದೇ ವರ್ಷ ಶೇ. 46 ಮಂದಿ ಪೂರೈಸಿದರು. ಸುಮ್ಮನೆ ಇಣುಕಿದವನನ್ನೂ ಬಡ್ತಿಗಾಗಿ ಹಣ ಕಟ್ಟಿ ಕೂತವಳನ್ನೂ ಒಂದೇ ಛೇದದಲ್ಲಿ ಸೇರಿಸಿ ಭಾಗಿಸಿದ ಲೆಕ್ಕದಿಂದ ಉದ್ಯೋಗಸ್ಥರ ಬಗ್ಗೆ ಏನನ್ನೂ ಹೇಳಲಾಗದು.

ಇದಕ್ಕೆ ಎದುರು ದಿಕ್ಕಿನ ಅಂಕಿಯೊಂದಿದೆ. 2015ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕೋರ್ಸೆರಾ ಎಂಬ ವೇದಿಕೆಯ ಕೋರ್ಸು ಮುಗಿಸಿದವರ ಪೈಕಿ ಶೇ. 72 ಮಂದಿ ವೃತ್ತಿಗೆ ಅನುಕೂಲವಾಯಿತೆಂದರು. ಪ್ರಶ್ನೆ ಹೋದದ್ದು ಮುಗಿಸಿದವರಿಗೆ ಮಾತ್ರ. ಸುಮಾರು 7,80,000 ಜನರಿಗೆ ಕಳಿಸಿದ್ದಕ್ಕೆ ಉತ್ತರ ಬಂದದ್ದು 51,954. ಲೇಖಕರಲ್ಲಿ ಒಬ್ಬರಾದ ಡಾಫ್ನಿ ಕೊಲ್ಲರ್ ಕೋರ್ಸೆರಾದ ಸಹಸ್ಥಾಪಕಿ. ಇಷ್ಟಾಗಿಯೂ, ವೃತ್ತಿಯೇ ಮುಖ್ಯ ಗುರಿ ಎಂದವರಲ್ಲಿ ಹೊಸ ಕೆಲಸ, ಬಡ್ತಿ, ಸಂಬಳ ಏರಿಕೆಯಂಥ ಕೈಗೆ ಸಿಗುವ ಫಲ ಕಂಡವರು ಶೇ. 33. ಉಳಿದವರಲ್ಲಿ ಹೆಚ್ಚಿನವರು ಹೇಳಿದ್ದು ಕೆಲಸಕ್ಕೆ ಇನ್ನಷ್ಟು ಸಜ್ಜಾದಂಥ ಲಾಭಗಳನ್ನು. ಇವು ಹಗುರವಾದವಲ್ಲ, ಆದರೆ ಬಡ್ತಿಯಂತೂ ಅಲ್ಲ.

3

ಈ ಎರಡೂ ಬಗೆಯ ಅಂಕಿಗಳ ಮಿತಿಯನ್ನು ದಾಟಿದ ಅಧ್ಯಯನವೆಂದರೆ ಸೂಸನ್ ಏಥೀ ಮತ್ತು ಎಮಿಲ್ ಪಾಲಿಕೊಟ್ ಅವರದು. ನನ್ನ ಭಿನ್ನಾಭಿಪ್ರಾಯವೂ ಅದರೊಂದಿಗೇ. ಹೆಚ್ಚು ಸರಿಯಾಗಿ ಹೇಳಬೇಕೆಂದರೆ, ಅದರ ಫಲಿತಾಂಶವನ್ನು ಎಲ್ಲ ಉದ್ಯೋಗಸ್ಥರಿಗೂ ಹಿಗ್ಗಿಸುವ ಓದಿನೊಂದಿಗೆ.

2022ರ ಸೆಪ್ಟೆಂಬರ್‌ನಿಂದ 2023ರ ಮಾರ್ಚ್ ವರೆಗೆ ಕೋರ್ಸೆರಾದಲ್ಲಿ ತಂತ್ರಜ್ಞಾನ ಅಥವಾ ವಾಣಿಜ್ಯದ ಕೋರ್ಸು ಮುಗಿಸಿದ ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಅವರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರಮಾಣಪತ್ರವನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳುವಂತೆ ನೆನಪಿಸಿ, ಹಾಕುವ ದಾರಿಯನ್ನು ಸುಲಭ ಮಾಡಿಕೊಟ್ಟರು. ಒಂದು ವರ್ಷದ ನಂತರ ಸುಮಾರು 40,000 ಜನರ ಲಿಂಕ್ಡ್‌ಇನ್ ಪುಟಗಳನ್ನು ಪರಿಶೀಲಿಸಿದಾಗ, ಹೀಗೆ ನೆನಪಿಸಲಾದ ಗುಂಪಿನವರು ಹೊಸ ಉದ್ಯೋಗ ದಾಖಲಿಸಿದ ಸಂಭವ ಶೇ. 6ರಷ್ಟು ಹೆಚ್ಚಿತ್ತು. ಪ್ರಮಾಣಪತ್ರಕ್ಕೆ ಹೊಂದುವ ಉದ್ಯೋಗದಲ್ಲಿ ಶೇ. 8. ಕೆಲಸ ಸಿಗುವ ಅವಕಾಶ ಮೊದಲೇ ಕಡಿಮೆಯಿದ್ದವರಲ್ಲಿ ಪರಿಣಾಮ ಇನ್ನೂ ಗಾಢ.

ಪ್ರಯೋಗದ ಸೊಗಸು ಗಮನಿಸಬೇಕು. ಎರಡೂ ಗುಂಪಿನವರು ಕೋರ್ಸು ಮುಗಿಸಿದವರೇ, ಆದ್ದರಿಂದ ಕಲಿಕೆ ಸಮ. ಬೇರೆಯಾದದ್ದು ಆ ಕಲಿಕೆ ಪರರ ಕಣ್ಣಿಗೆ ಬೀಳುವ ರೀತಿ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಮುಂದಿಟ್ಟ ಸಂಕೇತ ಸಿದ್ಧಾಂತಕ್ಕೆ ಇಷ್ಟು ಹತ್ತಿರದ ಪುರಾವೆ ಅಪರೂಪ. ಆದರೆ ನೋಡುವ ಕಣ್ಣು ಯಾರದು? ಅರ್ಜಿದಾರರನ್ನು ಹಿಂದೆಂದೂ ಕಾಣದ ಉದ್ಯೋಗದಾತನದು. ಭಾಗವಹಿಸಿದವರಲ್ಲಿ ಹೆಚ್ಚಿನವರು ಅಭಿವೃದ್ಧಿಶೀಲ ದೇಶಗಳವರು, ಕಾಲೇಜು ಪದವಿ ಇಲ್ಲದವರು. ಅಳೆದ ಫಲ ಹೊಸ ಉದ್ಯೋಗ. ಇದ್ದ ಸಂಸ್ಥೆಯಲ್ಲೇ ಮೆಟ್ಟಿಲು ಹತ್ತುವುದನ್ನು ಬಿಡಿಯಾಗಿ ತೂಗಲು ಆ ಪ್ರಯೋಗ ಹೊರಟದ್ದಲ್ಲ.

ಪೀಟರ್ ಡೋರಿಂಜರ್ ಮತ್ತು ಮೈಕೆಲ್ ಪಿಯೋರ್ 1971ರಲ್ಲೇ ತೋರಿಸಿಕೊಟ್ಟ ಭೇದ ಇಲ್ಲಿ ನೆರವಿಗೆ ಬರುತ್ತದೆ. ಹೊರಗಿನ ಕೂಲಿಪೇಟೆಯಲ್ಲಿ ಪೈಪೋಟಿ ಸಂಬಳವನ್ನು ನಿರ್ಧರಿಸಿದರೆ, ದೊಡ್ಡ ಸಂಸ್ಥೆಯ ಒಳಪೇಟೆಯಲ್ಲಿ ಆಡಳಿತದ ನಿಯಮಗಳೇ ಏರಿಕೆಯನ್ನು ನಿರ್ಧರಿಸುತ್ತವೆ. ನಮ್ಮಲ್ಲಿ ಆ ನಿಯಮಕ್ಕೆ ಹೆಸರೇ ಇದೆ: ವೃಂದ ಮತ್ತು ನೇಮಕಾತಿ ನಿಯಮ, ಜ್ಯೇಷ್ಠತಾ ಪಟ್ಟಿ, ಇಲಾಖಾ ಪರೀಕ್ಷೆ. ಬಡ್ತಿ ಸಮಿತಿಯ ಮುಂದೆ ಬರುವ ನೌಕರ ಅಪರಿಚಿತನಲ್ಲ. ಅವನ ಸೇವಾ ಪುಸ್ತಕ ಹತ್ತು ವರ್ಷದಿಂದ ಕಚೇರಿಯ ಕಪಾಟಿನಲ್ಲಿದೆ. ಸ್ಪೆನ್ಸ್ ಸಿದ್ಧಾಂತದ ಪ್ರಕಾರವೇ, ಅರಿಯದವನಿಗೆ ಅರಿವು ಕೊಡುವಾಗ ಮಾತ್ರ ಸಂಕೇತಕ್ಕೆ ಬೆಲೆ. ಉದ್ಯೋಗದಾತ ನೌಕರನನ್ನು ಅರಿಯುತ್ತ ಹೋದಂತೆ ಸಂಬಳದಲ್ಲಿ ಓದಿನ ತೂಕ ತಗ್ಗುತ್ತದೆಂದು ಜೋಸೆಫ್ ಆಲ್ಟನ್‌ಜಿ ಮತ್ತು ಚಾರ್ಲ್ಸ್ ಪಿಯರೆ 2001ರಲ್ಲಿ ಅಮೆರಿಕದ ದತ್ತಾಂಶದಿಂದ ತೋರಿಸಿದ್ದರು. ಹಾಗಾದರೆ ಒಳಪೇಟೆಯಲ್ಲಿ ಪ್ರಮಾಣಪತ್ರಕ್ಕೆ ಬೆಲೆ ಬರುವುದಾದರೆ, ಅದರ ಮೂಲ ಸಂಕೇತವಲ್ಲದ ಬೇರೆ ಏನೋ ಇರಬೇಕು.

ಅದು ನಿಯಮವೇ ಎಂಬುದಕ್ಕೆ ನಮ್ಮ ಪದವಿ ಕಾಲೇಜುಗಳಲ್ಲಿ ಕಣ್ಣೆದುರೇ ಒಂದು ಹೋಲಿಕೆ ಸಿಗುತ್ತದೆ. ಒಂದೇ ವಿಭಾಗದಲ್ಲಿ ಕಾಯಂ ಅಧ್ಯಾಪಕರೂ ಅತಿಥಿ ಉಪನ್ಯಾಸಕರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಇಬ್ಬರೂ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ವೇದಿಕೆಯ ಒಂದೇ 12 ವಾರದ ಕೋರ್ಸಿಗೆ ಸೇರಿದರೆಂದು ಭಾವಿಸೋಣ. ಪಾಠ ಒಂದೇ, ವಾರವಾರದ ಅಭ್ಯಾಸಗಳೂ ಅವೇ, ಅಂಕವೂ ಸಮ ಬರಲಿ. ಕೌಶಲದಲ್ಲಿ ವ್ಯತ್ಯಾಸವಿಲ್ಲ, ಸಂಕೇತದಲ್ಲಿ ವ್ಯತ್ಯಾಸವಿಲ್ಲ. ಕಾಯಂ ಅಧ್ಯಾಪಕರಿಗೆ ಅದು ಮುಂದಿನ ಹಂತದ ಅರ್ಜಿಗೆ ಲಗತ್ತಾಗುತ್ತದೆ. ಅತಿಥಿ ಉಪನ್ಯಾಸಕರಿಗೆ ಈ ಹಂತಗಳ ಏರಿಕೆಯ ವೃತ್ತಿ ಪದೋನ್ನತಿ ಯೋಜನೆಯೇ ಅನ್ವಯಿಸದ ಕಾರಣ ಹತ್ತಲು ಹಂತವೇ ಇಲ್ಲ. ಒಂದೇ ಕಾಗದಕ್ಕೆ ಎರಡು ಬೆಲೆ. ಉದ್ಯೋಗಸ್ಥರ ಆನ್‌ಲೈನ್ ಕಲಿಕೆಯ ಬಗ್ಗೆ ಉತ್ಸಾಹದಿಂದ ಬರೆಯುವವರು ಈ ಎರಡನೆಯ ಕುರ್ಚಿಯನ್ನು ನೋಡಿಯೇ ಮುಂದುವರಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರಬಹುದು. ಬೆಲೆ ಬರುವುದು ನಿಯಮದಿಂದಲೇ ಎಂದಾದರೆ, ಕಲಿಯದೆಯೂ ಪ್ರಮಾಣಪತ್ರ ಗಿಟ್ಟಿಸುವ ಆಸೆ ಹುಟ್ಟುತ್ತದೆ; ಕಲಿಕೆ ಬರಿಯ ಕಡತವಾಗುತ್ತದೆ. ಆಕ್ಷೇಪ ಅರ್ಧ ಸರಿ. ಅದಕ್ಕಾಗಿಯೇ ಮಾನ್ಯತೆಯ ಹಿಂದೆ ಪರೀಕ್ಷೆಯ ಸಾಕ್ಷಿ ಇರಬೇಕಾಗುತ್ತದೆ. ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಪಾಠ ಕೇಳುವುದು ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ, ಗೊತ್ತುಮಾಡಿದ ಕೇಂದ್ರಕ್ಕೆ ಖುದ್ದಾಗಿ ಹೋಗಿ, ಮೇಲ್ವಿಚಾರಕರ ಎದುರು ಬರೆಯಬೇಕು. ಮನೆಯಲ್ಲಿ ಮಾಡುವ ಅಭ್ಯಾಸಗಳಿಗೆ 25 ಅಂಕ, ಪರೀಕ್ಷೆಗೆ 75. ಅಭ್ಯಾಸಗಳಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬಾರದಿದ್ದರೆ ಪ್ರಮಾಣಪತ್ರವಿಲ್ಲ.

ಈ ವಿನ್ಯಾಸದಲ್ಲಿ ದುಡಿಯುವವರಿಗೆ ಒದಗುವ ಇನ್ನೊಂದು ಅನುಕೂಲವಿದೆ. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮವಾದ 8 ಅಭ್ಯಾಸಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮೌಲ್ಯಮಾಪನದ ಕೆಲಸ ಬಿದ್ದ ವಾರ, ಚುನಾವಣಾ ಕರ್ತವ್ಯದ ವಾರ, ಮಗುವಿಗೆ ಜ್ವರ ಬಂದ ವಾರ, ಊರಿನ ಜಾತ್ರೆಯ ವಾರ ಹೀಗೆ ನಾಲ್ಕು ತಪ್ಪಿದರೂ ಕೈತಪ್ಪುವುದಿಲ್ಲ. ಪರೀಕ್ಷೆಯೂ ವಾರಾಂತ್ಯದಲ್ಲೇ. ರಿಫ್ರೆಶರ್ ಕೋರ್ಸಿಗೆ ಹೋಗಬೇಕಾದರೆ ಪ್ರಾಂಶುಪಾಲರು ಬಿಡುಗಡೆ ಮಾಡಬೇಕು, ತರಗತಿಗಳನ್ನು ಬೇರೆಯವರಿಗೆ ವಹಿಸಬೇಕು, ಮನೆಯಲ್ಲಿ ವ್ಯವಸ್ಥೆಯಾಗಬೇಕು. ಸಣ್ಣ ಮಕ್ಕಳಿರುವ ಅಧ್ಯಾಪಕಿಗೆ ಈ ಮೂರನೆಯದೇ ಹಲವು ಸಲ ದೊಡ್ಡ ಅಡ್ಡಿ. 2018ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಮೂಲಕ ಅಧ್ಯಾಪಕರಿಗಾಗಿಯೇ ಆರಂಭವಾದ ‘ಅರ್ಪಿತ್’ ಕೋರ್ಸುಗಳು 20 ಗಂಟೆಯ ವಿಡಿಯೊ ಪಾಠ, 20 ಗಂಟೆಯ ಇತರ ಓದು, ಕೊನೆಗೆ ಪರೀಕ್ಷೆ ಎಂಬ ಅಳತೆಯಲ್ಲಿ ರಿಫ್ರೆಶರ್‌ಗೆ ಸಮವೆಂದು ಮಾನ್ಯವಾದವು. ಹೊಸ ಜ್ಞಾನ ಎಷ್ಟು ಬಂತು ಎಂಬುದು ಬೇರೆ ಪ್ರಶ್ನೆ. ಅದೇ ಬಡ್ತಿಯನ್ನು ಮನೆ ಬಿಡದೆ, ರಜೆ ಹಾಕದೆ ತಲುಪುವ ದಾರಿ ತೆರೆದದ್ದಂತೂ ನಿಜವಾದ ಲಾಭ.

ಸಾಕ್ಷಿಯಿಲ್ಲದ ಮಾನ್ಯತೆ ಎಂಥ ಅನಾಹುತ ತರಬಲ್ಲದೆಂಬುದಕ್ಕೆ ಒಡಿಶಾದ ಏತ ನೀರಾವರಿ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ನವೆಂಬರ್ 3ರಂದು ಕೊಟ್ಟ ತೀರ್ಪನ್ನು ಓದಬೇಕು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಒಪ್ಪಿಗೆಯಿಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಟ್ಟಿದ್ದವು. ಪಡೆದವರಲ್ಲಿ ಡಿಪ್ಲೊಮಾ ಮುಗಿಸಿ ಸೇವೆಯಲ್ಲಿದ್ದು ಬಡ್ತಿಗಾಗಿ ಓದಿದವರೂ ಇದ್ದರು. 2001ರಿಂದ 2005ರ ವರೆಗೆ ಸೇರಿದವರ ಪದವಿಗಳನ್ನು ನ್ಯಾಯಾಲಯ ಅಮಾನತಿನಲ್ಲಿಟ್ಟು, ಮಂಡಳಿ ನಡೆಸುವ ಪರೀಕ್ಷೆ ಪಾಸಾದರೆ ಮಾತ್ರ ಉಳಿಯುತ್ತವೆ ಎಂದಿತು. ಆನಂತರ ಸೇರಿದವರ ಪದವಿಗಳು ರದ್ದಾದವು. ಆ ಪದವಿಯ ಬಲದಿಂದ ಸಿಕ್ಕ ಬಡ್ತಿಯೂ ಹೋಗುತ್ತದೆ, ಆದರೆ ಪಡೆದ ಹಣವನ್ನು ಮರಳಿ ವಸೂಲು ಮಾಡುವಂತಿಲ್ಲ ಎಂದೂ ತೀರ್ಪಿನಲ್ಲಿದೆ. ರಾತ್ರಿಯೆಲ್ಲ ಓದಿ ಪಾಸಾಗಿ ಹತ್ತಾರು ವರ್ಷ ದುಡಿದವರು ಮತ್ತೆ ಪರೀಕ್ಷಾ ಕೊಠಡಿಯಲ್ಲಿ ಕೂರಬೇಕಾದ ಆ ಸಂಕಟ, ಅವರ ಕೌಶಲದ ಮೇಲಿನ ತೀರ್ಪಿಗಿಂತ ಹೆಚ್ಚಾಗಿ, ಮಾನ್ಯತೆ ಕೊಟ್ಟ ವ್ಯವಸ್ಥೆಯ ಬೇಜವಾಬ್ದಾರಿಯ ಮೇಲಿನ ತೀರ್ಪು.

ಆ ಪ್ರಕರಣ ಅಂಚೆ-ತೆರಪಿನ ಕಾಲದ್ದು, ಆನ್‌ಲೈನ್‌ನದ್ದಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಪ್ರಯೋಗಾಲಯ ಬೇಡುವ ವಿದ್ಯೆಗೂ ಬೇಡದ ವಿದ್ಯೆಗೂ ಅಂತರವಿದೆ. ತನ್ನ 2020ರ ನಿಯಮಾವಳಿಯ ಆಧಾರದಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಮಾನ್ಯ ಸಂಸ್ಥೆಗಳ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳು ತರಗತಿಯ ಪದವಿಗಳಿಗೆ ಸಮವೆಂದು ಹೇಳಿದಾಗಲೂ, ಎಂಜಿನಿಯರಿಂಗ್, ವೈದ್ಯಕೀಯ, ಕಾನೂನಿನಂಥ ವಿಷಯಗಳು ಆ ಬೇಲಿಯ ಹೊರಗೇ ಉಳಿದಿದ್ದವು. ನನ್ನ ವಾದಕ್ಕೆ ಬೇಕಾಗಿರುವುದು ಇಷ್ಟೇ: ಬಡ್ತಿಯನ್ನು ಕೊಟ್ಟದ್ದೂ ಕಿತ್ತದ್ದೂ ಮಾನ್ಯತೆಯೇ.

ಅಮೆರಿಕದ ಜಾರ್ಜಿಯಾ ಟೆಕ್ 2014ರಲ್ಲಿ ಆರಂಭಿಸಿದ ಆನ್‌ಲೈನ್ ಕಂಪ್ಯೂಟರ್ ವಿಜ್ಞಾನ ಸ್ನಾತಕೋತ್ತರ ಪದವಿಯಲ್ಲೂ ಇದೇ ಎಳೆ ಕಾಣುತ್ತದೆ. ಜಾಶುವಾ ಗುಡ್‌ಮನ್ ಮತ್ತು ಸಂಗಡಿಗರ 2019ರ ಅಧ್ಯಯನದ ಪ್ರಕಾರ ತರಗತಿಯ ಕೋರ್ಸಿಗೆ ಅರ್ಜಿ ಹಾಕುವವರ ಸರಾಸರಿ ವಯಸ್ಸು 24, ಆನ್‌ಲೈನ್‌ಗೆ 34. ಆನ್‌ಲೈನ್ ಪದವಿಯ ಪ್ರವೇಶದ ಗೆರೆಯ ಕೊಂಚ ಕೆಳಗೆ ಬಿದ್ದು ಸೀಟು ತಪ್ಪಿದವರಲ್ಲಿ ಹೆಚ್ಚಿನವರು ಬೇರೆಲ್ಲೂ ಸೇರಲಿಲ್ಲ. ಅಂದರೆ ಈ ದಾರಿ ಇಲ್ಲದಿದ್ದರೆ ಅವರ ಓದೇ ಇರುತ್ತಿರಲಿಲ್ಲ. ದುಡಿಯುವವರು ಈ ದಾರಿ ಹಿಡಿಯಲು ಅಗ್ಗದ ಶುಲ್ಕ ಒಂದು ಕಾರಣ. ಪದವಿ ಪತ್ರದ ಮೇಲೆ ‘ಆನ್‌ಲೈನ್’ ಎಂಬ ಪದವೇ ಇಲ್ಲದಿರುವುದೂ ಅಷ್ಟೇ ದೊಡ್ಡ ಕಾರಣವೆಂದು ನಾನು ಊಹಿಸುತ್ತೇನೆ. ಇದು ಊಹೆ, ಆ ಅಧ್ಯಯನ ಹಾಗೆ ಹೇಳುವುದಿಲ್ಲ.

4

ಈ ವಾದದ ಗಡಿಗಳನ್ನು ಹೇಳಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳು ಕಂಪನಿ ಬದಲಿಸುತ್ತಲೇ ಮೇಲೇರುವುದು ಹೆಚ್ಚು. ಅಲ್ಲಿ ಏಥೀ–ಪಾಲಿಕೊಟ್ ಫಲಿತಾಂಶವೇ ಸರಿಹೊಂದಬಹುದು. ಒಳಪೇಟೆಯಲ್ಲೂ ಉದ್ಯೋಗದಾತ ಅರಿತಿರುವುದು ನೌಕರನ ಈಗಿನ ಕೆಲಸವನ್ನು. ಮುಂದಿನ ಹುದ್ದೆಗೆ ಬೇಕಾದ ಶಕ್ತಿಯನ್ನು ಅಲ್ಲ. ಅಷ್ಟರ ಮಟ್ಟಿಗೆ ಸಂಕೇತಕ್ಕೂ ಜಾಗವಿದೆ. ಮಾನ್ಯತೆ ಇದ್ದರೆ ಸಾಕು, ಕೌಶಲ ಬೇಡ ಎಂಬ ಅರ್ಥವನ್ನಂತೂ ಈ ಲೇಖನದಿಂದ ಯಾರೂ ತೆಗೆಯಬಾರದು.

ಇನ್ನೂ ತೆರೆದಿರುವ ಪ್ರಶ್ನೆಗಳಲ್ಲಿ ಎರಡು ಮುಖ್ಯ. ರಿಫ್ರೆಶರ್ ದಾರಿಯಿಂದ 11ನೇ ಹಂತಕ್ಕೆ ಬಂದವರನ್ನೂ ಆನ್‌ಲೈನ್ ದಾರಿಯಿಂದ ಬಂದವರನ್ನೂ ಕೆಲವು ವರ್ಷಗಳ ಮಟ್ಟಿಗೆ ಹಿಂಬಾಲಿಸಿ, ಪಾಠದಲ್ಲೂ ಸಂಶೋಧನೆಯಲ್ಲೂ ಅಂತರ ಕಾಣುತ್ತದೆಯೇ ಎಂದು ನೋಡಬೇಕು. ಕಾಲೇಜು ಶಿಕ್ಷಣ ಇಲಾಖೆಯ ಬಡ್ತಿ ಕಡತಗಳನ್ನು ಹೆಸರು ಮರೆಮಾಡಿ ಸಂಶೋಧಕರಿಗೆ ತೆರೆದರೆ ಈ ಕೆಲಸ ಸಾಧ್ಯ. ಎರಡನೆಯದು ಆ ಪಕ್ಕದ ಕುರ್ಚಿಯದು: ಹತ್ತು ವರ್ಷ ಪಾಠ ಹೇಳಿ, ಭಾನುವಾರ ಪರೀಕ್ಷಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಒಳ್ಳೆಯ ಅಂಕದಲ್ಲಿ ಪಾಸಾದ ಅತಿಥಿ ಉಪನ್ಯಾಸಕಿಯ ಪ್ರಮಾಣಪತ್ರವನ್ನು ಯಾವ ನಿಯಮದ ಯಾವ ಕಲಮಿನಲ್ಲಿ ಸೇರಿಸಬಹುದು?