‘ಬಂಜರು’ ಎಂಬ ಮಾತಿನ ಚರಿತ್ರೆ: ಮಧುಗಿರಿ ಉಪವಿಭಾಗದ ಬಯಲುಗಳೂ ವಿದ್ಯುದುತ್ಪಾದನೆಯೂ

1

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಸೀಮೆಯು ಮುಖ್ಯವಾಗಿ ತನ್ನ ದುರ್ಗಗಳಿಂದ ಪರಿಚಿತವಾದುದು. ಮಧುಗಿರಿಯ ಬೃಹತ್ ಶಿಲಾದುರ್ಗ, ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡದ ಬೆಟ್ಟದ ಕೋಟೆ, ಶಿರಾದ ಮೊಗಲ್ ಸುಬೆ ಇವುಗಳನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಆದರೆ ಆ ದುರ್ಗಗಳ ಬುಡದಲ್ಲಿ ಹರಡಿಕೊಂಡಿರುವ ಬಯಲುಗಳಿಗೂ ಒಂದು ಚರಿತ್ರೆಯುಂಟೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಪಾಳೆಯಗಾರರು ಅಳಿದರು, ಸುಬೆ ಅಳಿಯಿತು, ಬಯಲು ಉಳಿಯಿತು. ಈಗ ಆ ಬಯಲೇ ವಿವಾದದ ವಸ್ತುವಾಗಿದೆ.

ವಿವಾದದ ಸ್ವರೂಪ ಹೀಗಿದೆ. ಕಲ್ಲಿದ್ದಲನ್ನು ಸುಡುವುದರಿಂದ ಭೂಮಿಯ ವಾಯುಗುಣವು ಕೆಡುತ್ತಿರುವುದರಿಂದ, ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯಬೇಕಾಗಿದೆ. ಇದರ ಅಗತ್ಯವನ್ನು ವಿಚಾರವಂತರಾರೂ ಅಲ್ಲಗಳೆಯಲಾರರು. ಆದರೆ ಬಿಸಿಲಿನ ವಿದ್ಯುತ್ತಿಗೆ ಬಹಳ ವಿಸ್ತಾರವಾದ ಭೂಮಿ ಬೇಕು. ಅದಕ್ಕೆ ಸುಲಭವಾಗಿ ದೊರೆಯುವುದು ‘ಬಂಜರು’ ಎನಿಸಿಕೊಂಡ ಭೂಮಿ. ಐರೋಪ್ಯ ದೇಶಗಳಲ್ಲಿ ಜೌಗು ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವ ವಿಷಯದಲ್ಲಿ ಎದ್ದಿರುವ ಚರ್ಚೆಯೂ ಇದೇ ಜಾತಿಯದು. ಒಂದು ಭೂಮಿಯನ್ನು ಬಂಜರೆಂದು ಕರೆದವರು ಯಾರು, ಯಾವಾಗ, ಯಾವ ಪ್ರಯೋಜನಕ್ಕಾಗಿ ಎಂಬುದನ್ನು ವಿಚಾರಿಸದೆ ಈ ಚರ್ಚೆಯನ್ನು ತೀರ್ಮಾನಿಸಲಾಗದು. ಇದೇ ಪ್ರಸ್ತುತ ಲೇಖನದ ಅಭಿಪ್ರಾಯ.

2

ಮೊದಲು ಶಬ್ದಗಳನ್ನು ನೋಡೋಣ. ಭೂಮಿಯನ್ನು ಕುರಿತು ನಮ್ಮ ಗ್ರಾಮಗಳ ಹಳೆಯ ಮಾತುಗಳು ಬೀಳು, ಬಯಲು, ಮಾಳ, ಕಾವಲು ಮೊದಲಾದವು. ಬೀಳೆಂದರೆ ಉಳದೆ ಬಿಟ್ಟ ನೆಲ. ಮತ್ತೆ ಉಳಬಹುದಾದ ನೆಲವೂ ಹೌದು. ಮಾಳವೆಂದರೆ ದನ ಮೇಯುವ ನೆಲ. ಕಾವಲೆಂದರೆ ಹುಲ್ಲಿಗಾಗಿ ಕಾಯ್ದಿರಿಸಿದ ನೆಲ. ಇವುಗಳಲ್ಲಿ ಯಾವುದೂ ನೆಲವು ನಿಷ್ಪ್ರಯೋಜಕವೆಂಬ ಅರ್ಥವನ್ನು ಕೊಡುವುದಿಲ್ಲ. ಬಂಜರು, ಖರಾಬು, ಖುಷ್ಕಿ, ತರಿ, ಬಾಗಾಯ್ತು ಎಂಬ ಮಾತುಗಳ ಹುಟ್ಟು ಬೇರೆ. ಇವು ಪಾರಸಿ ಮತ್ತು ಹಿಂದೂಸ್ತಾನಿ ಮೂಲದಿಂದ ಕಂದಾಯದ ಕಡತಗಳ ಮೂಲಕ ನಮ್ಮಲ್ಲಿಗೆ ಬಂದವು. 1687ರಲ್ಲಿ ಮೊಗಲರ ವಶವಾದ ಶಿರಾ ನಗರವು ಏಳು ಪರಗಣೆಗಳ ಸುಬೆಯ ಮುಖ್ಯ ಪಟ್ಟಣವಾಗಿದ್ದುದನ್ನೂ, 1761ರಲ್ಲಿ ಹೈದರನ ಕೈಸೇರಿದುದನ್ನೂ ನೆನೆದರೆ, ಈ ಸೀಮೆಗೆ ಅಂತಹ ಆಡಳಿತಭಾಷೆಯ ಪರಿಚಯವು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಕಂದಾಯದ ದೃಷ್ಟಿಯಲ್ಲಿ ನೆಲದ ಬೆಲೆ ಅದು ಕೊಡುವ ತೆರಿಗೆಯಷ್ಟೇ. ತೆರಿಗೆಯಿಲ್ಲದ ನೆಲ ಖರಾಬು.

ಆ ಕಡತಗಳ ಹೊರಗೆ ಬಯಲಿನ ಬದುಕು ಬೇರೆಯಾಗಿಯೇ ಇದ್ದಿತು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯು ಚಿಕ್ಕದೇವರಾಜ ಒಡೆಯರ (1672-1704) ಕಾಲದಿಂದ ಪ್ರಸಿದ್ಧವಾದ ಗೋಸಂಪತ್ತಿನ ಇಲಾಖೆ. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟನು. ಈ ಇಲಾಖೆಯ ಎತ್ತುಗಳು ಫಿರಂಗಿಗಳನ್ನೆಳೆದು ಯುದ್ಧಗಳ ಗತಿಯನ್ನೇ ಬದಲಿಸಿದುವು. ಅವುಗಳನ್ನು ಸಾಕಿದುದು ತುಮಕೂರು, ಚಿತ್ರದುರ್ಗ, ಹಾಸನ, ಕಡೂರು ಸೀಮೆಗಳ ಕಾವಲುಗಳು. ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದೆಂದು ಕಾವಲುಗಳನ್ನು ವಿಂಗಡಿಸಿ, ಹಿಂಡುಗಳನ್ನು ಋತುವಿಗನುಸಾರವಾಗಿ ನಡೆಸುತ್ತಿದ್ದರು. ಇಂದು ಯಾರಾದರೂ ನೋಡಿ ‘ಇಲ್ಲೇನೂ ಇಲ್ಲ’ ಎನ್ನಬಹುದಾದ ಹುಲ್ಲುಗಾವಲು ಒಂದು ರಾಜ್ಯದ ಸೈನ್ಯಬಲದ ಆಧಾರವಾಗಿದ್ದಿತು. 1860ರಲ್ಲಿ ಮದರಾಸು ಸರಕಾರವು ಮಿತವ್ಯಯದ ಹೆಸರಿನಲ್ಲಿ ಈ ಹಿಂಡುಗಳನ್ನು ಮಾರಿತು. ತಪ್ಪು ತಿಳಿದ ಮೇಲೆ ಕೆಲವೇ ವರ್ಷಗಳಲ್ಲಿ ಇಲಾಖೆಯನ್ನು ಪುನಃ ಸ್ಥಾಪಿಸಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಕಾಣದ ಪ್ರಯೋಜನವು ಇಲ್ಲವೇ ಇಲ್ಲವೆಂದು ಭಾವಿಸಿದುದರ ಫಲಕ್ಕೆ ಇದೊಂದು ನಿದರ್ಶನ.

ಅರಮನೆಯ ದನಗಳಲ್ಲದೆ ಪ್ರಜೆಗಳ ದನಕುರಿಗಳೂ ಈ ಬಯಲನ್ನೇ ನಂಬಿದ್ದುವು. 1800ರಲ್ಲಿ ಶಿರಾ, ಮಧುಗಿರಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೇಸಾಯದೊಡನೆ ಪಶುಪಾಲನೆಯನ್ನೂ ವಿವರವಾಗಿ ಗುರುತುಮಾಡಿಕೊಂಡನು. ಶಿರಾ, ಪಾವಗಡ ಹಾಗೂ ನೆರೆಯ ಹಿರಿಯೂರು, ಚಳ್ಳಕೆರೆಗಳ ಕಾಡುಗೊಲ್ಲರ ಹಟ್ಟಿಗಳು ಇಂದಿಗೂ ಆ ಪರಂಪರೆಯ ಸಾಕ್ಷಿಗಳು. ಅವರ ಸಾಂಸ್ಕೃತಿಕ ವೀರನಾದ ಜುಂಜಪ್ಪನು ದನಗಾಹಿ. ಅವನ ಗುಡ್ಡೆಯಿರುವುದು ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ. ಒಂದು ಜನವು ತನ್ನ ದೈವವನ್ನು ಕಂಡುಕೊಂಡ ನೆಲವನ್ನು ಬರಿದೆನ್ನುವುದು ಹೇಗೆ?

3

1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಭೂಮಾಪನ ಆರಂಭವಾಯಿತು. ಉಳುವವನಿಗೆ ಇದರಿಂದ ಉಪಕಾರವಾದುದು ನಿಜ. ಅವನ ಹಕ್ಕು ನಿಶ್ಚಿತವಾಯಿತು, ಕಂದಾಯಕ್ಕೆ ಮಿತಿಯೊದಗಿತು. ಆದರೆ ಮೇಯಿಸುವವನ ಹಕ್ಕಿಗೆ ಸರ್ವೆ ನಂಬರಿರಲಿಲ್ಲ. ಅದು ಊರಿನವರ ರೂಢಿಯಲ್ಲಿದ್ದಿತು. ಸ್ವಾತಂತ್ರ್ಯಾನಂತರದ ಶಾಸನಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಲೆತ್ನಿಸಿದುವು. 1964ರ ಭೂಕಂದಾಯ ಕಾಯಿದೆ ಗೋಮಾಳವನ್ನು ಮಾನ್ಯಮಾಡಿತು. 1966ರ ನಿಯಮಗಳು ಪ್ರತಿ ನೂರು ದನಗಳಿಗೆ 12 ಹೆಕ್ಟೇರು ಗೋಮಾಳವಿರಬೇಕೆಂದು ಗೊತ್ತುಮಾಡಿದುವು. ಮತ್ತೊಂದು ಕಡೆಯಿಂದ ‘ಬಂಜರು’ ಎಂಬ ಮಾತು ರಾಷ್ಟ್ರೀಯ ಯೋಜನೆಯ ಪರಿಭಾಷೆಯಾಗಿ ಬೆಳೆಯಿತು. 1985ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಲಿ ಸ್ಥಾಪಿತವಾಯಿತು. 2000ದಲ್ಲಿ ಪ್ರಕಟವಾದ ಬಂಜರುಭೂಮಿಗಳ ಭೂಪಟದಲ್ಲಿ ಕುರುಚಲು ಗಿಡಗಳ ನೆಲವೂ ಬಂಜರಿನ ಒಂದು ವರ್ಗವಾಯಿತು.

ಕುರುಚಲು ನೆಲವು ನಿರ್ಜೀವವಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ನೆಲ ಬದಲಾಗಲಿಲ್ಲ, ಅದನ್ನು ಕರೆಯುವ ಹೆಸರು ಬದಲಾಯಿತು.

4

ಇನ್ನು ಪಾವಗಡದ ಸಂಗತಿ. ಮೂರು ಕಡೆಗಳಲ್ಲಿ ಆಂಧ್ರಪ್ರದೇಶದಿಂದ ಸುತ್ತುವರಿಯಲ್ಪಟ್ಟ ಈ ತಾಲ್ಲೂಕು ಬರಗಾಲಕ್ಕೆ ಹೆಸರಾದುದು. 1876-78ರ ಮಹಾಕ್ಷಾಮದಲ್ಲಿ ಈ ಪೂರ್ವೋತ್ತರ ಸೀಮೆ ಅತಿಯಾಗಿ ನೊಂದಿತು. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದುದು ಆ ಕ್ಷಾಮದ ಭೀಕರತೆಯನ್ನು ತೋರಿಸುತ್ತದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಪಾವಗಡ, ಶಿರಾ, ಮಧುಗಿರಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿತು. ಕಡಲೆಕಾಯಿ ಬಿತ್ತಿ ಮುಗಿಲನ್ನು ನೋಡುವುದು, ಬತ್ತಿದ ಕೊಳವೆಬಾವಿಯ ಸಾಲ ತೀರಿಸಲು ಬೆಂಗಳೂರಿಗೆ ಕೂಲಿಗೆ ಹೋಗುವುದು ಇಲ್ಲಿನ ಎಷ್ಟೋ ಮನೆಗಳ ಕಥೆ. ಬಯಲಿನ ಹಿಂದಿನ ವೈಭವವನ್ನು ಹೇಳುವಾಗ ಈ ಸಂಕಟವನ್ನು ಮರೆಯುವುದು ಚರಿತ್ರಕಾರನಿಗೆ ಸಲ್ಲದು.

2015ರಲ್ಲಿ ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಕೂಡಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ನನ್ನು ಸ್ಥಾಪಿಸಿದುವು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಸಿದ್ಧವಾಯಿತು. 2018ರ ಮಾರ್ಚಿಯಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದ ಈ ‘ಶಕ್ತಿಸ್ಥಳ’ವು 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಇಲ್ಲಿ ರೈತರ ಭೂಮಿಯನ್ನು ಕೊಳ್ಳಲಿಲ್ಲ, ಕಸಿಯಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆಯೊಡನೆ, ದೀರ್ಘಕಾಲದ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ರೈತನಲ್ಲೇ ಉಳಿಯಿತು. ಮಳೆ ಬಂದರೂ ಬಾರದಿದ್ದರೂ ಕೈಸೇರುವ ಹಣವು ಬರಪೀಡಿತನಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ವಿವರಿಸಬೇಕಾಗಿಲ್ಲ. ಭೂಸ್ವಾಧೀನದ ನಮ್ಮ ಹಿಂದಿನ ಚರಿತ್ರೆಯೊಡನೆ ಹೋಲಿಸಿದರೆ ಇದು ನಿಸ್ಸಂದೇಹವಾಗಿ ಮುಂದಿನ ಹೆಜ್ಜೆ.

ಆದರೆ ಗುತ್ತಿಗೆಯ ಹಣ ಸಲ್ಲುವುದು ಪಹಣಿಯಲ್ಲಿ ಹೆಸರುಳ್ಳವನಿಗೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸಿಗೆ ಪಹಣಿಯಿಲ್ಲ. ಕೊಯ್ಲಾದ ಹೊಲದಲ್ಲೂ ಬೀಳಿನಲ್ಲೂ ಕುರಿ ಮೇಯಿಸುತ್ತಿದ್ದವನಿಗೆ ಪಹಣಿಯಿಲ್ಲ. ಬೇಲಿ ಬಿದ್ದ ಮೇಲೆ ಕುರಿ ಮಾರಿದವರುಂಟು. ಕಾವಲುಗಾರಿಕೆ, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು ಮೊದಲಾದ ಕೆಲಸಗಳು ಕೆಲವರಿಗೆ ದೊರೆತಿವೆ, ಎಲ್ಲರಿಗೂ ದೊರೆಯುವಷ್ಟಿಲ್ಲ.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ಗಮನಿಸಬೇಕು. 2013ರ ಭೂಸ್ವಾಧೀನ ಕಾಯಿದೆಯು ಕೃಷಿಕೂಲಿಗಳನ್ನೂ, ಆ ಭೂಮಿಯಿಂದ ಜೀವನ ನಡೆಸುವ ಭೂಹೀನರನ್ನೂ ‘ಬಾಧಿತ ಕುಟುಂಬ’ಗಳಲ್ಲಿ ಎಣಿಸುತ್ತದೆ, ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನವಾಗಬೇಕೆನ್ನುತ್ತದೆ. ಆದರೆ ಅದು ಅನ್ವಯಿಸುವುದು ಸ್ವಾಧೀನಕ್ಕೆ, ಸ್ವಂತ ಇಚ್ಛೆಯ ಗುತ್ತಿಗೆಗಲ್ಲ. 2006ರ ಪರಿಸರ ಪರಿಣಾಮದ ಅಧಿಸೂಚನೆಯ ಪಟ್ಟಿಯಲ್ಲಿ ಸೌರವಿದ್ಯುತ್ತಾಗಲಿ ಗಾಳಿವಿದ್ಯುತ್ತಾಗಲಿ ಸೇರಿಲ್ಲ. ಹೀಗೆ ಭೂಮಿಯುಳ್ಳವನಿಗೆ ಹಿತವಾದ ಏರ್ಪಾಡೇ ಭೂಮಿಯಿಲ್ಲದವನನ್ನು ಎಣಿಕೆಯಿಂದ ಹೊರಗಿಟ್ಟಿತು. 1863ರ ಮಾಪನದಲ್ಲಿ ಆದುದು ಪುನಃ ಆಯಿತು.

ಉಪವಿಭಾಗದ ಹೊರಗೆ, ನೆರೆಯ ಚಳ್ಳಕೆರೆಯಲ್ಲಿ, ಇದರ ಇನ್ನೊಂದು ಮುಖವಿದೆ. ಅಲ್ಲಿ ಸುಮಾರು 10,000 ಎಕರೆ ಅಮೃತ್ ಮಹಲ್ ಕಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ, ಸೌರವಿದ್ಯುತ್ತಿನ ಕಾರ್ಯಕ್ಕೂ ಹಂಚಲಾಯಿತು. ಕಾವಲನ್ನು ನಂಬಿದ್ದ ಗ್ರಾಮಸ್ಥರ ಪ್ರತಿಭಟನೆಯ ವಿಷಯ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ಮುಂದೆ ಬಂದಿತು. ಪಾವಗಡದಲ್ಲಿ ಪಟ್ಟಾ ಭೂಮಿಯ ಪ್ರಶ್ನೆ. ಅಲ್ಲಿ ಸಾಮಾನ್ಯ ಭೂಮಿಯ ಪ್ರಶ್ನೆ. ಎರಡು ಕಡೆಯೂ ಎಣಿಕೆಗೆ ಬಾರದವನು ಒಬ್ಬನೇ.

5

ಲೇಖನದ ಆರಂಭದಲ್ಲಿ ಸೂಚಿಸಿದ ಐರೋಪ್ಯ ಚರ್ಚೆಯಿಂದ ಇದರ ಮೇಲೆ ಬೆಳಕು ಬೀಳುತ್ತದೆ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಜೌಗು ಗುಡ್ಡಗಳಲ್ಲಿ ಸಸ್ಯಗಳು ನೀರಿನಡಿ ಪೂರ್ತಿ ಕೊಳೆಯದೆ, ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂಡಿಕೊಂಡಿವೆ. ಪೀಟ್ ಎಂದು ಕರೆಯುವ ಈ ಕಪ್ಪುಮಣ್ಣಿನಲ್ಲಿ ಅಪಾರವಾದ ಇಂಗಾಲ ಅಡಗಿದೆ. ಬೆಳೆ ಬೆಳೆಯಲಾಗದ್ದರಿಂದ ಅದನ್ನೂ ಬಹುಕಾಲ ಬಂಜರೆಂದೇ ಕರೆದರು. ಗಾಳಿಯಂತ್ರಕ್ಕಾಗಿ ಅಲ್ಲಿ ರಸ್ತೆ ಕಡಿದು ನೀರು ಬಸಿದರೆ, ಅಡಗಿದ್ದ ಇಂಗಾಲ ಗಾಳಿಗೆ ಸೇರುತ್ತದೆ; ಯಾವ ಕೇಡನ್ನು ತಡೆಯಲು ಯಂತ್ರ ನಿಂತಿತೋ ಆ ಕೇಡಿಗೇ ಅದು ಕಾರಣವಾಗುತ್ತದೆ. ಐರ್ಲೆಂಡಿನ ಗಾಲ್ವೇ ಪ್ರಾಂತದ ಡೆರಿಬ್ರಿಯೆನ್ನಿನಲ್ಲಿ 2003ರ ಅಕ್ಟೋಬರಿನಲ್ಲಿ, ಗಾಳಿಯಂತ್ರಗಳ ಕಾಮಗಾರಿ ನಡೆಯುತ್ತಿದ್ದಾಗ, ಗುಡ್ಡದ ಪೀಟ್ ಜಾರಿ ಹೊಳೆಗಿಳಿಯಿತು, ಮೀನುಗಳು ಸತ್ತುವು. ಪರಿಣಾಮವನ್ನು ಸರಿಯಾಗಿ ಪರಿಶೀಲಿಸದೆ ಕೆಲಸಕ್ಕೆ ಅವಕಾಶವಿತ್ತುದು ತಪ್ಪೆಂದು ಐರೋಪ್ಯ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ತಪ್ಪನ್ನು ಸರಿಪಡಿಸದ ಕಾರಣ 2019ರಲ್ಲಿ 50 ಲಕ್ಷ ಯೂರೋ ದಂಡವನ್ನೂ, ಮೇಲೆ ದಿನಕ್ಕೆ 15,000 ಯೂರೋಗಳನ್ನೂ ವಿಧಿಸಿತು.

ಪಾವಗಡದಲ್ಲಿ ಪೀಟ್ ಇಲ್ಲ. ಜಾರುವ ಗುಡ್ಡವೂ ಇಲ್ಲ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೆ ನ್ಯಾಯಾಲಯವು ಅಲ್ಲಿ ಗಾಳಿವಿದ್ಯುತ್ತನ್ನು ತಪ್ಪೆನ್ನಲಿಲ್ಲ. ಮೊದಲು ನೋಡದೆ ಕಟ್ಟಿದುದನ್ನು ತಪ್ಪೆಂದಿತು. ಈ ವಿವೇಕವು ನಮಗೂ ಸಲ್ಲುತ್ತದೆ.

6

ಪಾವಗಡದ ಪಾರ್ಕನ್ನು ವಿಸ್ತರಿಸುವ ಮಾತು ಕೇಳಿಬಂದಿದೆ. ಅಂತಹ ಕಾರ್ಯಕ್ಕೆ ಮುನ್ನ ಆಗಬೇಕಾದುದು ದೊಡ್ಡದೇನಲ್ಲ. ಪಹಣಿಯನ್ನು ಓದುವಂತೆಯೇ ಊರನ್ನೂ ಓದಬೇಕು. ಯಾವ ಬೀಳಿನಲ್ಲಿ ಯಾರ ಕುರಿ ಯಾವ ತಿಂಗಳು ಮೇಯುತ್ತದೆ, ಯಾವ ಹೊಲದ ಕೂಲಿಯಿಂದ ಎಷ್ಟು ಮನೆಗಳ ಒಲೆ ಉರಿಯುತ್ತದೆ ಎಂಬುದನ್ನು ಬರೆದಿಡಬೇಕು. ಗುತ್ತಿಗೆಯ ಹಣದಲ್ಲಿ ಅವರಿಗೂ ಒಂದು ಪಾಲನ್ನು ಗೊತ್ತುಮಾಡಬೇಕು. ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಉಪಯುಕ್ತರು. ಈ ನಾಲ್ಕು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಗ್ರಾಮನಕ್ಷೆಯನ್ನೂ ಹಿರಿಯರ ನೆನಪನ್ನೂ ಎದುರುಬದುರಿಟ್ಟು ನೋಡಿದರೆ, ಯಾವ ಕಚೇರಿಯಲ್ಲೂ ದೊರೆಯದ ಸಾಮಗ್ರಿ ಕೈಸೇರುತ್ತದೆ.

ಬಿಸಿಲು ಎಲ್ಲರದು. ಅದರಿಂದ ಹುಟ್ಟುವ ವಿದ್ಯುತ್ತು ಬೆಂಗಳೂರಿನ ದೀಪಗಳನ್ನು ಬೆಳಗಲಿ; ಬೇಡವೆನ್ನುವವರಾರು? ಆ ಬೆಳಕಿಗಾಗಿ ಬೇಲಿಯ ಹೊರಗುಳಿದವನ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ನ್ಯಾಯ. ಆ ಪುಸ್ತಕವು ಕಂದಾಯದ್ದಾಗದಿದ್ದರೆ, ಚರಿತ್ರೆಯದಾದರೂ ಆಗಬೇಕು.