ಮದ್ದು ಬೆರೆತ ನೀರು

1941ನೆಯ ಇಸವಿ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಆಸ್ಪತ್ರೆಯೊಂದರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಪೆನಿಸಿಲಿನ್ ಕೊಟ್ಟರು. ಔಷಧಿ ಆಗ ಎಷ್ಟು ದುರ್ಲಭವೆಂದರೆ, ರೋಗಿಯ ಮೂತ್ರವನ್ನು ಸೈಕಲ್ಲಿನ ಮೇಲೆ ಪ್ರಯೋಗಶಾಲೆಗೆ ಒಯ್ದು, ಅದರೊಳಗಿನ ಪೆನಿಸಿಲಿನ್ನನ್ನು ಬೇರ್ಪಡಿಸಿ, ಪುನಃ ಅವನಿಗೇ ಚುಚ್ಚಿದರು. ಆದರೂ ಸಾಲಲಿಲ್ಲ, ಮಾರ್ಚಿಯಲ್ಲಿ ಆತ ತೀರಿಕೊಂಡ. ನಾವು ಸೇವಿಸಿದ ಮದ್ದಿನ ಒಂದು ಪಾಲು ಮದ್ದಾಗಿಯೇ ಹೊರಬೀಳುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಂದು ಹನಿಹನಿಯಾಗಿ ಹಿಂದಕ್ಕೆ ಪಡೆದ ವಸ್ತುವಿನ ಬಳಗವೇ ಮುಂದೆ ಹೊಳೆಗಳಿಗೆ ಕಂಟಕವಾಯಿತು.

ನೀರಿನಲ್ಲಿ ಕರಗಿದ್ದನ್ನು ಹಿಡಿಯುವ ವಿದ್ಯೆ ಹಳೆಯದು. 1785ರಲ್ಲಿ ಪೀಟರ್ಸ್‌ಬರ್ಗಿನ ಲೋವಿಟ್ಸ್, ಇದ್ದಿಲು ದ್ರಾವಣಗಳ ಬಣ್ಣವನ್ನು ಕಳೆಯುವುದನ್ನು ಕಂಡುಕೊಂಡ. ಪಂಡಿತರು ಇದನ್ನು ಅಧಿಶೋಷಣವೆನ್ನುತ್ತಾರೆ. ಆದರೆ ಅರಿವೆ ನೀರು ಹೀರಿದಂತಲ್ಲ ಇದು. ಬೆಲ್ಲದ ಪಾಕಕ್ಕೆ ಇರುವೆ ಮುತ್ತಿದಂತೆ ವಸ್ತು ಮೈಗೆ ಅಂಟುವುದು. ‘ಮೈಯಂಟು’ ಎಂದರೆ ನನ್ನ ಶಾಲೆಯ ಹುಡುಗರಿಗೆ ಬೇಗ ತಿಳಿಯುತ್ತದೆ.

ರಾಳದ ಕಥೆ ಇನ್ನೂ ಸ್ವಾರಸ್ಯ. 1935ರಲ್ಲಿ ಲಂಡನ್ನಿನ ಬಳಿಯ ಟೆಡಿಂಗ್‌ಟನ್ನಿನಲ್ಲಿ ಆಡಮ್ಸ್, ಹೋಮ್ಸ್ ಎಂಬ ಇಬ್ಬರು ರಸಾಯನಜ್ಞರು ಒಂದು ಸೋಜಿಗ ಕಂಡರಂತೆ: ಪುಡಿಮಾಡಿದ ಗ್ರಾಮಫೋನ್ ತಟ್ಟೆಯು ನೀರಿನೊಳಗಿನ ಲವಣದ ಅಯಾನುಗಳನ್ನು ಹಿಡಿದು, ತನ್ನಲ್ಲಿದ್ದವನ್ನು ಬಿಟ್ಟುಕೊಡುತ್ತಿತ್ತು! ಹಾಡು ಸವೆದ ಮೇಲೂ ತಟ್ಟೆಗೆ ಕೆಲಸವುಂಟೆಂದು ನಾವಾರೂ ಎಣಿಸಿರಲಿಲ್ಲ. ಆ ಜಾಡಿನಲ್ಲಿ ಹುಟ್ಟಿದವು ಕೃತಕ ರಾಳಗಳು. ಆ ದಶಕ ಕಳೆದು 1940ರ ದಶಕ ಮುಗಿಯುವ ಹೊತ್ತಿಗೆ, ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ನನ್ನು ಕೊಳೆಸಿದ ರಸದಿಂದ ಎತ್ತಲು ಇಂಥ ರಾಳವನ್ನೇ ಬಳಸಿದರು. ಮೊದಲು ಮದ್ದನ್ನು ಕೂಡಿಡಲು ಬಂದ ರಾಳವನ್ನು ಮದ್ದನ್ನು ನೀಗಲು ಕರೆಯುವ ಕಾಲ ಆಮೇಲೆ ಬಂತು.

ಅದೇಕೆಂಬುದನ್ನು ತೋರಿಸಿದ್ದು ಹೈದರಾಬಾದಿನ ಬಳಿಯ ಪಟಾನ್‌ಚೆರು. ಸುಮಾರು 90 ಔಷಧಿ ಕಾರ್ಖಾನೆಗಳ ಕೊಳೆನೀರು ಅಲ್ಲಿಯ ಒಂದು ಶುದ್ಧೀಕರಣ ಕೇಂದ್ರಕ್ಕೆ ಸೇರುತ್ತಿತ್ತು. ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದಂತೆ, ಶುದ್ಧೀಕರಿಸಿ ಬಿಟ್ಟ ನೀರಿನಲ್ಲಿಯೇ ಸಿಪ್ರೊಫ್ಲಾಕ್ಸಸಿನ್ ಲೀಟರಿಗೆ 31 ಮಿಲಿಗ್ರಾಮ್‌ವರೆಗೆ ಇತ್ತು. ಮದ್ದು ತಿಂದ ರೋಗಿಯ ರಕ್ತದಲ್ಲಿಯೂ ಅಷ್ಟಿರದು. ಆ ನೀರು ಹಳ್ಳ ಹಿಡಿದು, ನಮ್ಮ ಬೀದರ ಸೀಮೆಯನ್ನು ಹಾದು ಬರುವ ಮಂಜೀರಾ ನದಿಯತ್ತ ಸಾಗುತ್ತಿತ್ತು. ಇಂಥ ನೀರಿನಲ್ಲಿ ಬದುಕಿ ಉಳಿದ ರೋಗಾಣು ಮದ್ದಿಗೆ ಅಂಜದ ರೋಗಾಣು, ಭಯವಿರುವುದು ಅಲ್ಲಿ.

2016ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಡಿಕ್ಟೆಲ್ ಮೊದಲಾದವರು ಹೊಸ ಪಾಲಿಮರ್ ಒಂದನ್ನು ಪ್ರಕಟಪಡಿಸಿದರು. ಅದರ ಮೂಲ ಪಿಷ್ಟ. ಪಿಷ್ಟದಿಂದ ದೊರೆಯುವ, 1891ರಲ್ಲಿ ಫ್ರಾನ್ಸಿನ ವಿಲಿಯೆ ಕಂಡ ಸೈಕ್ಲೊಡೆಕ್ಸ್ಟ್ರಿನ್, ಒಂದು ಸಣ್ಣ ಬಟ್ಟಲಿನಂಥ ಅಣು. ಹೊರಗೆ ನೀರಿಗೆ ಒಲಿದದ್ದು, ಒಳಗೆ ಒಲಿಯದ್ದು. ಬಟ್ಟಲುಗಳನ್ನು ಹೆಣೆದು ರಂಧ್ರಮಯ ಮಾಡಿದಾಗ, ರಕ್ತದೊತ್ತಡದ ಮದ್ದಾದ ಪ್ರೊಪ್ರನಲಾಲ್ ಮುಂತಾದವು ಒಳಗೆ ಸೇರಿಕೊಂಡವು. ಇದ್ದಿಲಿಗಿಂತ, ಹಳೆಯ ರಂಧ್ರವಿಲ್ಲದ ಬಗೆಗಳಿಗಿಂತ 15ರಿಂದ 200 ಪಟ್ಟು ಶೀಘ್ರವಾಗಿ ಹಿಡಿಯಿತೆಂಬುದು ಅವರ ಅಳತೆ. ಮೆಥನಾಲಿನಲ್ಲಿ ತೊಳೆದರೆ ಮತ್ತೆ ಬಳಕೆಗೆ ಸಿದ್ಧ.

ಕಾರ್ಖಾನೆಯ ಬಾಗಿಲಲ್ಲೇ, ಮದ್ದು ಗಟ್ಟಿಯಾಗಿರುವಲ್ಲಿ ಇಂಥದನ್ನು ಹೂಡುವುದು ಲೇಸೆಂದು ನನಗೆ ತೋರುತ್ತದೆ. ಊರ ಚರಂಡಿಯಲ್ಲಿ ಬೇರೆ ನೂರು ಕಸಗಳೂ ಆ ಬಟ್ಟಲುಗಳಿಗೆ ಪೈಪೋಟಿ ನಡೆಸುತ್ತವೆ. ಹಳೆಯ ಗುಳಿಗೆಗಳನ್ನು ಬಚ್ಚಲಿಗೆ ಸುರಿಯುವ ರೂಢಿ ನಮ್ಮ ಮನೆಯಲ್ಲಿಯೂ ಇತ್ತು, ಹೇಳಲು ನಾಚಿಕೆ. ಇನ್ನು ತೊಳೆದ ಮೆಥನಾಲು? ಮದ್ದು ಈಗ ಅದರಲ್ಲಿದೆ. ಅದನ್ನು ಸುಟ್ಟೋ ಬೇರ್ಪಡಿಸಿಯೋ ಮುಗಿಸಬೇಕು. ಆ ಖರ್ಚನ್ನು ಯಾರು ಹೊರುವರೆಂಬುದು ಪಟಾನ್‌ಚೆರುವಿನಂಥ ಊರುಗಳಲ್ಲಿ ಇನ್ನೂ ಕೇಳಬೇಕಾದ ಪ್ರಶ್ನೆ.